ಟವೆಲಿನ ಮರೆಯ ಒಂದಾಣೆ

ಮೊಮ್ಮಕ್ಕಳು ಚೌಕಾಬಾರ ಆಡುವಾಗ, ಒಬ್ಬರ ಕಾಯಿ ಹಣ್ಣಾಗುವ ಹೊತ್ತಿಗೆ ಇನ್ನೊಬ್ಬರು ಹೊಸ ನಿಯಮ ತಂದರೆ, ಐದಕ್ಕೆದ್ದು ಆರಕ್ಕೆ ಸ್ನಾನ ಮುಗಿಸುವ ಶಿಸ್ತಿನ ಮುದುಕನಾದ ನಾನು ಪತ್ರಿಕೆ ಎಸೆದು ನ್ಯಾಯ ಹೇಳಲು ಧುಮುಕುತ್ತೇನೆ. ಹೆಂಡತಿ ನಗುತ್ತಾಳೆ. ನಗಲಿ; ಈ ವಿಷಯದಲ್ಲಿ ನನ್ನ ರಕ್ತ ಬೆಲ್ಲದ ಪಾಕದಂತೆ ಕುದಿಯುವುದಕ್ಕೆ ಕಾರಣವಿದೆ.

ಯೌವನದಲ್ಲಿ ನಾನು ಹಿಂದೂಪುರದ ಸಾಹುಕಾರರೊಬ್ಬರ ಸೀರೆಗಳನ್ನು ಊರೂರಿಗೆ ಒಯ್ದು ಮಾರುತ್ತಿದ್ದೆ. ಆ ಪೇಟೆಯಲ್ಲಿ ದರ ಬಾಯಿಗೆ ಬರುತ್ತಿರಲಿಲ್ಲ. ಟವೆಲಿನ ಮರೆಯಲ್ಲಿ ಎದುರಿನವನ ಬೆರಳು ಹಿಡಿದರೆ ಮಾತು ಮುಗಿಯಿತು, ಸಾಕ್ಷಿಯೂ ಇಲ್ಲ, ಸಹಿಯೂ ಇಲ್ಲ. ಸಾಹುಕಾರರು ನನ್ನ ಒಂದು ಬೆರಳು ಪೂರ್ತಿ ಹಿಡಿದರು: ಕಲ್ಯಾಣದುರ್ಗದ ಕಡೆ ಮಾರಿದ ಪ್ರತಿ ರೂಪಾಯಿಗೆ ಒಂದಾಣೆ ಕಮಿಷನ್. ನಾನು ಆ ಕ್ಷಣವೇ ಮನಸ್ಸಿನಲ್ಲಿ ಬೈಸಿಕಲ್ ಕೊಂಡು ಏರಿದೆ. ಕಡಲೆಕಾಯಿ ಮಾರಿ ಜನರ ಕೈ ತುಂಬಿದ್ದ ಕಾಲ. ತಲೆಯ ಮೇಲೆ ಗಂಟು ಹೊತ್ತು, ತೆಲುಗಿನಲ್ಲಿ ಹೊಗಳಿ ಕನ್ನಡದಲ್ಲಿ ಚೌಕಾಸಿ ಮಾಡಿ, ಒಂದೇ ತಿಂಗಳಲ್ಲಿ ಎಲ್ಲ ಮಾರಿ ಹಾರುತ್ತ ಬಂದೆ.

“ಭೇಷ್ ಕಣಪ್ಪ,” ಎಂದರು ಸಾಹುಕಾರರು. “ಸೀರೆ ಇಷ್ಟು ಸಲೀಸಾಗಿ ಹೋಯ್ತದೆ ಅಂತ ಗೊತ್ತಿರ್ಲಿಲ್ಲ. ಇನ್ಮೇಲೆ ರೂಪಾಯಿಗೆ ಅರ್ಧಾಣೆ, ಈ ತಿಂಗಳ್ದೂ ಸೇರಿ.”

“ಸಲೀಸಾಗಿ ಹೋಗ್ಲಿಲ್ಲ ಸಾವ್ಕಾರ್ರೇ. ನಾನ್ ಹೊತ್ಕೊಂಡ್ ಹೋದೆ.”

ಅಂಗಡಿ ಅವರದು, ನಾಳೆಯ ದರ ಹೇಳುವ ಅಧಿಕಾರವೂ ಅವರದೇ. ಆದರೆ ನಡೆದು ಮುಗಿಸಿದ ದಾರಿ ನನ್ನದಲ್ಲವೇ? ಬೈಸಿಕಲ್ಲಿನ ಒಂದು ಚಕ್ರ ಕಣ್ಣೆದುರೇ ಉರುಳಿಹೋಗುತ್ತಿತ್ತು. ಅಂಗಡಿಯ ಮುಂದೆ, ಬೆಲ್ಲದ ದಲ್ಲಾಳಿಗಳು ತುಂಬಿದ್ದ ಕಟ್ಟೆಯ ಮೇಲೆ, ನಾನು ಕೈಗೆ ಟವೆಲ್ ಹೊದಿಸಿ ಚಾಚಿದೆ.

“ಅವತ್ತು ಹಿಡಿದಂಗೇ ಇನ್ನೊಂದ್ಸಲ ಹಿಡ್ದುಬುಡಿ. ಅರ್ಧ ಬೆರಳಾದ್ರೆ ಸುಮ್ಕೆ ಹೋಯ್ತೀನಿ.”

“ಕಾನೀಯಂಡಿ, ಆಗ್ಲಿ ಸಾವ್ಕಾರ್ರೇ,” ಎಂದ ಒಬ್ಬ ಮುದಿ ದಲ್ಲಾಳಿ, ಎಲೆಗೆ ಸುಣ್ಣ ಹಚ್ಚುತ್ತ. “ಟವಲ್ನಾಗೆ ಸುಳ್ಳಾಡಿದ ಕೈನ ನಾಳೆ ಯಾರ್ ಹಿಡೀತಾರೆ?”

ಸಾಹುಕಾರರ ಕೈ ಟವೆಲಿನೊಳಗೆ ಬಂತು. ಮೊದಲು ಪೂರ್ತಿ ಬೆರಳು ಹಿಡಿದರು. ಮಾರಿದ್ದಕ್ಕೆ ಒಂದಾಣೆ ಉಳಿಯಿತು. ನಾನು ಕುಣಿಯುವಷ್ಟರಲ್ಲಿ ಹಿಡಿತ ಅರ್ಧ ಬೆರಳಿಗೆ ಜಾರಿತು: ಮುಂದಿನ ತಿರುಗಾಟದ ದರ. ಇದರಲ್ಲಿ ಅನ್ಯಾಯವಿರಲಿಲ್ಲ, ಹೊರಡುವ ಮುನ್ನವೇ ಹೇಳಿದ್ದರು. ಆದರೆ ಹೊರಡುವ ಮುನ್ನ ಕೇಳುವ ಹಕ್ಕು ನನಗೂ ಇತ್ತಲ್ಲ! ಇನ್ನೊಂದು ಕೈಯನ್ನೂ ಟವೆಲಿನೊಳಗೆ ತೂರಿಸಿ, ಅವರ ಎರಡು ಬೆರಳುಗಳನ್ನು ಬುಡದವರೆಗೆ ಹಿಡಿದೆ: ಎರಡಾಣೆ.

ಸಾಹುಕಾರರು ನನ್ನ ಮುಖ ನೋಡಿದರು. ಕೈ ಮಾತ್ರ ಕೊಡವಲಿಲ್ಲ. ಸ್ವಲ್ಪ ಹೊತ್ತಿಗೆ, ನನ್ನ ಅರ್ಧ ಬೆರಳಿನ ಮೇಲಿದ್ದ ಅವರ ಹಿಡಿತ ಮೆಲ್ಲಗೆ ಇಳಿದು ಬುಡ ಮುಟ್ಟಿತು: ಪೂರ್ತಿ ಒಂದಾಣೆ.