ಹಸೆಮಣೆಗೆ ಕರೆತಂದ ಕೈ

ನಮ್ಮಣ್ಣ ಶೀಳನೆರೆಯಿಂದ ನಾಗಮಂಗಲದ ಅಕ್ಕನ ಮನೆಗೆ ಬಂದನೆಂದರೆ, ಅಕ್ಕನ ಮಗಳು ರಾಗಿ ಮೂಟೆಗಳ ಹಿಂದೆ ಅಡಗುತ್ತಿದ್ದಳು. ಆಗ ಅವಳಿಗೆ ಎಂಟು ವರ್ಷ. "ಗಂಡ ಬಂದ ಅಂತ ಎಂಗೆ ನಾಚ್ಕತಾವ್ಳೆ ನೋಡ್ರವ್ವ!" ಎಂದು ರೇಗಿಸಿದವಳು ನಾನೇ. ಸೋದರಮಾವನನ್ನು ತೋರಿಸಿ ಹೆಣ್ಣುಮಕ್ಕಳನ್ನು ಹೀಗೆ ಆಡಿಕೊಳ್ಳುವುದು ನಮ್ಮ ಕಡೆ ತೀರಾ ಸಲೀಸು. ಕೈ ಹಿಡಿದು ದರದರ ಎಳೆತಂದು ಅವನ ಪಕ್ಕದಲ್ಲೇ ಕೂರಿಸುತ್ತಿದ್ದೆ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಹೋದ ವರ್ಷ ಅವಳ ಮದುವೆ ಗೊತ್ತಾಯಿತು. ಒಂದು ಮಧ್ಯಾಹ್ನ ಇಬ್ಬರೇ ಅವರೆಕಾಯಿ ಸುಲಿಯುತ್ತಿದ್ದಾಗ ಹೇಳಿದಳು.

"ಚಿಕ್ಕವ್ವ, ಹಸೆಮಣೆಗೆ ಮಾವ ನನ್ ಕೈ ಹಿಡ್ಕಂಡು ಕರ್ಕಂಬರೋದು ಬ್ಯಾಡ. ಚಿಕ್ಕೋಳಿದ್ದಾಗ ನಂಗೆ ಮಾಡಬಾರದ್ದು ಮಾಡವ್ನೆ."

ಅವನು ನನ್ನ ಒಡಹುಟ್ಟಿದವನು. ನಾನು ನಂಬುತ್ತೇನೋ ಇಲ್ಲವೋ ಎಂದು ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ನಂಬ್ತೀನಿ ಕಣವ್ವ. ನಿಂದೇನೂ ತಪ್ಪಿಲ್ಲ. ನಿನ್ನ ಎಳ್ಕಂಬಂದು ಕೂರಿಸ್ತಿದ್ನಲ್ಲ, ತಪ್ಪು ನಂದು," ಎಂದೆ. ಇಬ್ಬರೂ ಅತ್ತುಬಿಟ್ಟೆವು.

ಆಮೇಲೆ ಅವಳು ಆಪ್ತಸಮಾಲೋಚಕಿಯೊಬ್ಬರನ್ನು ನೋಡಲು ಹೋಗುವಾಗೆಲ್ಲ ನಾನೂ ಬಸ್ಸು ಹತ್ತುತ್ತಿದ್ದೆ. ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದೆ. ಒಳಗೆ ಏನು ಮಾತಾಡಿದೆ ಎಂದು ಒಂದು ದಿನವೂ ಕೇಳಲಿಲ್ಲ. ವಾಪಸ್ಸು ಬರುವಾಗ ಕಡ್ಲೆಕಾಯಿ ತಿನ್ನುತ್ತಾ ಸೀರೆ, ಕುಪ್ಪಸದ ಮಾತಾಡುತ್ತಿದ್ದೆವು.

ಅವಳು ಹೂಂ ಅಂದ ಮೇಲೆಯೇ ಅಕ್ಕನಿಗೆ ಹೇಳಿದ್ದು. "ಮುಚ್ಚು ಬಾಯ! ಸೋದರಮಾವ ಇಲ್ದೆ ಧಾರೆ ಆಯ್ತದಾ?" ಎಂದು ಅಕ್ಕ ಕಿರುಚಿದಳು. ಹದಿನೈದು ದಿನ ನನ್ನ ಜೊತೆ ಮಾತು ಬಿಟ್ಟಳು. ಬಿಡಲಿ! ಅಣ್ಣನಿಗೆ ನಾನೇ ಫೋನು ಮಾಡಿ, "ಮದ್ವೆಗೆ ನೀನು ಬರ್ಬ್ಯಾಡ," ಎಂದೆ. ಯಾಕೆ ಎಂದು ಅವನು ಕೇಳಲೇ ಇಲ್ಲ.

ಮದುವೆಯ ದಿನ ಪುರೋಹಿತರು, "ಎಲ್ಲಮ್ಮಾ ಸೋದರಮಾವ? ಹುಡುಗೀನ ಕರ್ಕೊಂಡು ಬನ್ನಿ," ಎಂದು ಕೂಗಿದರು. ಛತ್ರದವರೆಲ್ಲ ತಿರುಗಿ ನೋಡಿದರು. ಅಕ್ಕ ತಲೆ ತಗ್ಗಿಸಿದಳು.

"ಅವ್ಳ ಮಾವ ನಾನೇ ಸ್ವಾಮಿ, ನೀವು ಮಂತ್ರ ಹೇಳಿ," ಎಂದು ಎದ್ದೆ.

ಕೋಣೆಯ ಬಾಗಿಲಲ್ಲಿ ನಿಂತು ಕೈ ಚಾಚಿದೆ. ಈ ಸಲ ಎಳೆಯಲಿಲ್ಲ. ಅವಳಾಗಿಯೇ ಹಿಡಿಯಲೆಂದು ಕಾದೆ. ಹಿಡಿದಳು. ಮತ್ತೆ ನೋಯಿಸಿಬಿಟ್ಟೇನು ಎಂಬ ಅಂಜಿಕೆಗೆ ನಾನು ಬೆರಳ ತುದಿಯನ್ನಷ್ಟೇ ಹಿಡಿದು ನಡೆದೆ. ನಾಲ್ಕು ಹೆಜ್ಜೆ ಬಂದಿರಬೇಕು.

"ಗಟ್ಟಿಯಾಗಿ ಹಿಡ್ಕಳವ್ವ," ಎಂದಳು.