ಹುಟ್ಟಿದ್ದು ದೇವಾಪುರ, ಪಾಸ್‌ಪೋರ್ಟಿನಲ್ಲಿ ಗೋಗಿ

ಆಷಾಢದ ಒಂದು ಸೋಮವಾರ, ಬೆಳಿಗ್ಗೆ ಆರು ಗಂಟೆ. ಶಹಾಪುರದ ನನ್ನ ಮನೆಯ ಪಡಸಾಲೆಯಲ್ಲಿ ನಾಲ್ವರಿದ್ದೆವು: ನಾನು, ನನ್ನ ತಂಗಿ, ಗೋಗಿಯ ಶಾಲೆಯಲ್ಲಿ ಮಾಸ್ತರರಾಗಿದ್ದ ಅವಳ ಗಂಡ, ಅವರ ಮಗಳು. ಮಗಳಿಗೆ ಪರದೇಶದ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಸೀಟು ಸಿಕ್ಕಿತ್ತು. ಬುಧವಾರ ಬೆಂಗಳೂರಿನಲ್ಲಿ ವೀಸಾ ಅರ್ಜಿ ಕೊಡಬೇಕು; ಮಂಗಳವಾರ ಸಂಜೆ ಯಾದಗಿರಿಯಿಂದ ರೈಲು. ಆ ಬುಧವಾರ ತಪ್ಪಿದರೆ ಮುಂದಿನ ಸರದಿ ಸಿಗುವಷ್ಟರಲ್ಲಿ ಅಲ್ಲಿ ಹಾಜರಾಗುವ ಗಡುವು ದಾಟುತ್ತದೆ, ಸೀಟು ಕೈಬಿಡುತ್ತದೆ.

ನಾನು ಕಾಲುವೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ನೀರು ಬಿಡುವ ಮೊದಲು ಒಬ್ಬ ಒಂದೊಂದೇ ಗೇಟಿನ ಹೆಸರು ಕೂಗಬೇಕು, ಇನ್ನೊಬ್ಬ ಅದನ್ನು ಮುಟ್ಟಿ ನೋಡಿ ‘ಹೌದು’ ಅನ್ನಬೇಕು. ಅದು ನಮ್ಮ ಪದ್ಧತಿ. ಕಾಗದಗಳನ್ನೂ ಹಾಗೆಯೇ ನೋಡೋಣ ಎಂದು ಅವರನ್ನು ಬೆಳಗಾಗುತ್ತಲೇ ಕರೆಸಿದ್ದೆ.

“ಮಾಮಾ, ನಾ ಏನ್ ಕಾಲುವಿ ನೀರೇನು, ಹಿಂಗ ಕೂಗಿ ಬಿಡಾಕ?” ಎಂದು ಹುಡುಗಿ ನಕ್ಕಳು.

“ನೀರು ಹೋದ್ರ ಹೊಲಕ್ಕ ಹೋಗ್ತದ. ನೀ ಸಮುದ್ರ ದಾಟಾಕಿ. ಹಿಡಿ ಪಾಸ್‌ಪೋರ್ಟ್,” ಎಂದೆ.

ಅವಳು ಓದಲು ಹೊರಟಿದ್ದು ಮಣ್ಣಿನ ಬಗ್ಗೆ. ಕಾಲುವೆ ಬಂದ ಮೇಲೆ ನಮ್ಮ ಕಡೆ ಭತ್ತ ಬಂತು, ಹಿಂದೆಯೇ ಸವುಳೂ ಬಂತು. ತಗ್ಗಿನ ಹೊಲಗಳಲ್ಲಿ ನೀರು ನಿಂತು ಉಪ್ಪು ಬೆಳ್ಳಗೆ ಮೇಲೆದ್ದಿತು. ಆ ಮಣ್ಣನ್ನು ಮತ್ತೆ ಬಿತ್ತುವ ಹದಕ್ಕೆ ತರುವ ಕೆಲಸ ಅವಳದು. ಅಂಥ ಪ್ರಯೋಗಶಾಲೆ ಇಲ್ಲಿಲ್ಲ ಎಂದು ಎರಡು ವರ್ಷ ಊರೂರಿಗೆ ಬರೆದು, ಕಡೆಗೆ ಒಬ್ಬ ಪ್ರಾಧ್ಯಾಪಕರಿಂದ ಒಪ್ಪಿಗೆ ಪಡೆದಿದ್ದಳು.

ನಾನು ಕೂಗಿದೆ, ಅವಳು ಹೌದು ಅಂದಳು. ಹೆಸರು, ಹೌದು. ತಂದೆಯ ಹೆಸರು, ಹೌದು. ಹುಟ್ಟಿದ ದಿನ, ಹೌದು. ಹುಟ್ಟಿದ ಸ್ಥಳ ಎಂದೆ. ಅವಳು ಪಾಸ್‌ಪೋರ್ಟನ್ನೂ ಜನನ ಪ್ರಮಾಣಪತ್ರವನ್ನೂ ಪಕ್ಕಪಕ್ಕ ಹಿಡಿದು ನನ್ನ ಕಡೆ ತಿರುಗಿಸಿದಳು.

ಪಾಸ್‌ಪೋರ್ಟಿನಲ್ಲಿ ಗೋಗಿ ಎಂದಿತ್ತು. ಪ್ರಮಾಣಪತ್ರದಲ್ಲಿ ದೇವಾಪುರ.

ಪ್ರಮಾಣಪತ್ರದ್ದೇ ನಿಜ. ನಮ್ಮಲ್ಲಿ ಚೊಚ್ಚಲ ಬಾಣಂತನ ತವರುಮನೆಯಲ್ಲಿ. ಸುರಪುರದ ಹತ್ತಿರದ ದೇವಾಪುರದಲ್ಲಿ, ನಮ್ಮ ಹಿರಿಯರ ಮನೆಯ ಒಳಕೋಣೆಯಲ್ಲಿ ಈ ಹುಡುಗಿ ಹುಟ್ಟಿದಾಗ ನಾನು ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ. ಆದರೆ ಮಕ್ಕಳಿಗೆ ಊರು ಯಾವುದೆಂದು ಕೇಳಿದರೆ ಅಪ್ಪನ ಊರನ್ನೇ ಹೇಳುವುದು ರೂಢಿ. ಪಾಸ್‌ಪೋರ್ಟ್ ಅರ್ಜಿ ತುಂಬುವಾಗ ಮಾಸ್ತರರೂ ಅದನ್ನೇ ಬರೆಸಿದ್ದರು. ಇಲ್ಲಿಯ ಓದಿಗೂ ಪಾಸ್‌ಪೋರ್ಟಿಗೂ ಶಾಲೆಯ ಟಿಸಿ ಸಾಕಾಗಿತ್ತು. ಇಂಗ್ಲಿಷಿನ ಜನನ ಪ್ರಮಾಣಪತ್ರ ಮೊಹರುಗಳನ್ನೆಲ್ಲ ಹಾಕಿಸಿಕೊಂಡು ಕೈಗೆ ಬಂದದ್ದು ಎರಡು ದಿನದ ಹಿಂದೆ.

ವೀಸಾದ ನಿಯಮ ಓದಿದೆ. ಎರಡರ ವಿವರ ಒಂದೇ ಇರಬೇಕು, ಇಲ್ಲದಿದ್ದರೆ ಅರ್ಜಿ ತೆಗೆದುಕೊಳ್ಳುವುದಿಲ್ಲ, ಅಫಿಡವಿಟ್ ನಡೆಯುವುದಿಲ್ಲ. ಮತ್ತೊಮ್ಮೆ ಓದಿದೆ. ಅಕ್ಷರ ಬದಲಾಗಲಿಲ್ಲ.

ತಂಗಿ ಮಾಡಿಟ್ಟ ಉಪ್ಪಿಟ್ಟು ಯಾರೂ ಮುಟ್ಟಲಿಲ್ಲ. ಸಿಕ್ಕ ಮೊದಲ ಬಸ್ಸಿಗೆ ಯಾದಗಿರಿಗೆ ಹೊರಟೆವು. ದಾರಿಯುದ್ದಕ್ಕೂ ಮಾಸ್ತರರು ಒಂದೇ ಮಾತು ಹೇಳುತ್ತಿದ್ದರು: “ಒಂದು ಊರಿನ ಹೆಸರಿಗಿ ಇಷ್ಟೆಲ್ಲ ಯಾರ ನೋಡ್ತಾರ್ರಿ ಅಣ್ಣಾರ? ಎರಡೂ ನಮ್ಮ ಜಿಲ್ಲಾದಾಗ ಅದಾವಲ್ಲ.”

ಪಾಸ್‌ಪೋರ್ಟ್ ಕೌಂಟರಿನ ಹೆಣ್ಣುಮಗಳು ಸಾವಧಾನವಾಗಿ ಕೇಳಿದಳು. “ತಿದ್ದಾಕ ಬರಂಗಿಲ್ರಿ. ಹೊಸಾ ಪಾಸ್‌ಪೋರ್ಟೇ ಆಗಬೇಕು. ಅರ್ಜಿ ಹಾಕ್ರಿ, ಪೊಲೀಸ್ ವಿಚಾರಣೆ ಆಗ್ತದ, ಆಮ್ಯಾಲೆ ಬರ್ತದ.”

“ಬುಧವಾರದೊಳಗ?” ಎಂದು ಹುಡುಗಿ ಕೇಳಿದಳು.

“ಯಾವ ಬುಧವಾರ ಅಂತ ನಾ ಹೆಂಗ ಹೇಳ್ಲವ್ವಾ?” ಎಂದಳು ಆಕೆ.

ಹೊರಗೆ ಬೇವಿನ ಗಿಡದ ಕೆಳಗೆ ಅರ್ಜಿ ಬರೆದುಕೊಡುವವನೊಬ್ಬ ನಮ್ಮ ಮುಖ ನೋಡಿಯೇ ಎದ್ದು ಬಂದ. ವಿಷಯ ಕೇಳಿ ಹಗುರಾಗಿ ನಕ್ಕ. “ಪಾಸ್‌ಪೋರ್ಟ್ ಯಾಕ ಮುಟ್ಟತೀರಿ? ಗೋಗ್ಯಾಗ ಹುಟ್ಟ್ಯಾಳಂತ ಇನ್ನೊಂದು ಸರ್ಟಿಫಿಕೇಟ್ ಮಾಡಿಸೋಣು. ಮೊಹರು ಗಿಹರು ಎಲ್ಲಾ ಇರ್ತದ. ನಾಳಿ ಮಧ್ಯಾಹ್ನ ಕೈಯಾಗ.”

ಮಾಸ್ತರರು ಅವನ ಕೈ ಹಿಡಿದುಬಿಟ್ಟರು. ಜೀವಮಾನವಿಡೀ ಮಕ್ಕಳಿಗೆ ಕಾಪಿ ಹೊಡೆಯಬೇಡಿ ಎಂದ ಮನುಷ್ಯ. ನಾನೂ ಬೇಡ ಅನ್ನಲಿಲ್ಲ.

ತಂಗಿಯೇ ಕೇಳಿದಳು: “ಒಂದ ಕೂಸು ಎರಡ ಊರಾಗ ಹುಟ್ಟತದೇನಪಾ? ಹಡದಾಕಿ ನಾ ಇಲ್ಲೇ ನಿಂತೀನಿ.”

“ನೀ ಸುಮ್ನಿರು,” ಎಂದರು ಮಾಸ್ತರರು. “ಆಕಿ ಬಾಳೇದ ಪ್ರಶ್ನಾ ಅದ.”

“ಅದಕ್ಕೇ ಬ್ಯಾಡ್ರಿ ಅಪ್ಪಾ,” ಎಂದಳು ಹುಡುಗಿ. “ದೇವಾಪುರದ್ದು ಸರಕಾರದ ಕಂಪ್ಯೂಟರಿನ್ಯಾಗ ಅದ. ಗೋಗೀದೂ ಬಂತಂದ್ರ ಎರಡಾಗ್ತಾವ. ಇವತ್ತ ದಾಟಿದ್ರೂ, ಅಲ್ಲಿ ಎರಡು ವರ್ಷ ಓದಿದ ಮ್ಯಾಲೆ ಯಾರರೆ ನೋಡಿದ್ರಂದ್ರ ಹೊಳ್ಳಿ ಕಳಸ್ತಾರ. ಆವಾಗ ಮತ್ತ ಯಾವ ದೇಶಕ್ಕೂ ಬಿಡಂಗಿಲ್ಲ.”

ಮಾಸ್ತರರು ಆ ಕೈ ಬಿಟ್ಟರು. “ಊರು ಯಾವ್ದು ಅಂದ್ರ ಗೋಗಿ ಅಂತನ ಅಲ್ಲೇನವಾ ಹೇಳೋದು?” ಎಂದು ಕೇಳಿದರು.

“ಹೌದ್ರಿ ಅಪ್ಪಾ. ಊರು ಗೋಗೀನ,” ಎಂದಳು ಅವಳು.

ಬಸ್‌ಸ್ಟ್ಯಾಂಡಿನ ಹಿಂದಿನ ಇಂಟರ್‌ನೆಟ್ ಅಂಗಡಿಯಲ್ಲಿ ಕೂತೆವು. ಏನು ಮಾಡಬೇಕೆಂದು ನಾನು ಒಂದೊಂದಾಗಿ ಹೇಳಿದೆ, ಅವಳು ಮಾಡಿದಳು. ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹೋಯಿತು. ಹುಟ್ಟಿದ ಸ್ಥಳ ದೇವಾಪುರ. ಪ್ರಾಧ್ಯಾಪಕರಿಗೆ ಪತ್ರ ಬರೆಯುವುದೇ ಕಷ್ಟವಾಯಿತು. ಆ ದೇಶದವರಿಗೆ ಇದನ್ನು ಹೇಗೆ ತಿಳಿಸುವುದು? ತವರುಮನೆ ಎಂಬುದನ್ನು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೊನೆಗೆ ತಪ್ಪು ಆಗಿದೆ, ತಿದ್ದಿಸುತ್ತಿದ್ದೇನೆ, ಮುಂದಿನ ವರ್ಷದವರೆಗೆ ಸೀಟು ಉಳಿಸಲು ಸಾಧ್ಯವೇ ಎಂದಷ್ಟೇ ಕಳಿಸಿದಳು. ಕಾಯ್ದೆವು. ಉತ್ತರ ಬರಲಿಲ್ಲ. ವೀಸಾ ಸರದಿಯನ್ನು ರದ್ದು ಮಾಡುವಾಗ ಅವಳ ಬೆರಳು ನಿಂತಿತು. ತಂಗಿ ಹಿಂದಿನಿಂದ ಅವಳ ಹೆಗಲ ಮೇಲೆ ಕೈಯಿಟ್ಟಳು. ಆಮೇಲೆ ಹುಡುಗಿ ಗುಂಡಿ ಒತ್ತಿದಳು.

ಉಳಿದದ್ದು ಮಾಸ್ತರರ, ಹುಡುಗಿಯ ರೈಲಿನ ಟಿಕೆಟ್. ಸ್ಟೇಷನ್ನಿನ ಕಿಟಕಿ ಮುಚ್ಚುವುದರೊಳಗೆ ಹೋಗಿ ನಾನು ಸಾಲಿನಲ್ಲಿ ನಿಂತೆ. “ಅಪ್ಪ, ಮಗಳು, ಎರಡೂ ರದ್ದೇನ್ರಿ?” ಎಂದ ಒಳಗಿನವನು. ಎರಡೂ ಎಂದೆ. ಅವನು ಚೀಟಿ ಕೊಟ್ಟ, ನಾನು ಮಡಚಿ ಜೇಬಿಗೆ ಹಾಕಿಕೊಂಡೆ.