ಎರಡನೆಯ ಭಾಗದ ಪರವಾಗಿ

ನಾನು ಸುಲಭವಾಗಿ ಸೋಲೊಪ್ಪಿಕೊಳ್ಳುವ ಮನುಷ್ಯ. ಬಸ್ಸಿನ ಕಿಟಕಿಯಿಂದ ಯಾರಾದರೂ ನನ್ನ ಸೀಟಿನ ಮೇಲೆ ಟವೆಲ್ ಎಸೆದರೆ ಎದ್ದು ನಿಲ್ಲುತ್ತೇನೆ. ತರಕಾರಿಯವಳು ಹೇಳಿದ ದರವೇ ನ್ಯಾಯವಾದ ದರ ಎಂದು ನಂಬುತ್ತೇನೆ. ಕಟಿಂಗ್ ಶಾಪಿನವನು ಮೀಸೆಯನ್ನು ತನಗೆ ತೋಚಿದ ಹಾಗೆ ಕತ್ತರಿಸಿದರೂ ಕನ್ನಡಿ ನೋಡಿಕೊಂಡು ‘ಚೆನ್ನಾಗಿದೆ’ ಅನ್ನುತ್ತೇನೆ. ಇಂಥ ನಾನು ಬದುಕಿನಲ್ಲಿ ಒಂದೇ ಒಂದು ವಿಷಯಕ್ಕೆ ಸೊಂಟ ಕಟ್ಟಿ ನಿಂತಿದ್ದೇನೆ. ಅದು ದೇಶದ ವಿಷಯವಲ್ಲ, ಭಾಷೆಯ ವಿಷಯವಲ್ಲ. ಒಂದು ಇಂಗ್ಲಿಷ್ ಸಿನಿಮಾದ ಎರಡನೆಯ ಭಾಗ ಅದರ ಮೊದಲನೆಯ ಭಾಗಕ್ಕಿಂತ ಮೇಲು ಎಂಬ ವಿಷಯ. ನಗಬೇಡಿ. ಈ ಹಟದಿಂದ ನನಗೆ ಮದುವೆಯಾಯಿತು. ಆಗದೆ ಹೋಗುವುದರಲ್ಲಿಯೂ ಇತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ನಾನು ಮಾಲೂರಿನ ಕಡೆಯಿಂದ ಗಡಿ ದಾಟಿ ತಮಿಳುನಾಡಿನ ಹೊಸೂರಿಗೆ ಬಂದು ಒಂದು ಕಾರ್ಖಾನೆ ಸೇರಿದೆ. ಅವಲಪಲ್ಲಿಯಲ್ಲೊಂದು ರೂಮು ಹಿಡಿದೆ. ಸಂಜೆಯಾದರೆ ಟೀ ಅಂಗಡಿ, ಭಾನುವಾರವಾದರೆ ಸಿನಿಮಾ. ಆ ಕಾಲದಲ್ಲೇ ಬಂದದ್ದು ಈ ಚಿತ್ರ. ಕರೆಂಟ್ ಕಂಬ ಹತ್ತಿದ್ದ ಲೈನ್‌ಮ್ಯಾನ್ ಒಬ್ಬನಿಗೆ ಸಿಡಿಲು ಹೊಡೆಯುತ್ತದೆ. ಸಾಯಬೇಕಾದವನು ಸಾಯುವುದಿಲ್ಲ, ಸಿಡಿಲೇ ಅವನ ಅಂಗೈಯೊಳಗೆ ಸೇರಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಅವನು ಕೈ ಎತ್ತಿದರೆ ಕಬ್ಬಿಣದ ಬಾಗಿಲು ಕರಗುತ್ತದೆ, ಕಳ್ಳರ ಜೀಪು ಬೂದಿಯಾಗುತ್ತದೆ. ಚಿತ್ರದ ಇಂಗ್ಲಿಷ್ ಹೆಸರು ಯಾರ ನಾಲಿಗೆಗೂ ಹಿಡಿಯಲಿಲ್ಲ. ತಮಿಳಿನವರು ಇಡಿಕ್ಕೈ ಅಂದರು. ನಾವು ಸಿಡಿಲುಗೈ ಅಂದೆವು. ತೆಲುಗಿನವರು ಪಿಡುಗು ಚೆಯ್ಯಿ ಅಂದರು. ತೆಲುಗಿನಲ್ಲಿ ಪಿಡುಗು ಅಂದರೆ ಸಿಡಿಲು. ಕನ್ನಡದಲ್ಲಿ ಏನೆಂದು ನಿಮಗೇ ಗೊತ್ತು. ಎರಡನೆಯ ಭಾಗ ಬಂದ ಮೇಲೆ ಅದನ್ನು ಸಹಿಸದವರು, ಇದಕ್ಕೆ ತೆಲುಗಿನ ಹೆಸರೇ ಸರಿ, ಕನ್ನಡದ ಅರ್ಥದಲ್ಲಿ ಓದಿಕೊಳ್ಳಿ ಎಂದು ಹೇಳಿಕೊಂಡು ತಿರುಗಿದರು.

ಅವರಿಗೆ ಅಷ್ಟು ಕೋಪ ಬರಲು ಕಾರಣವಿತ್ತು. ಎರಡನೆಯ ಭಾಗದಲ್ಲಿ ದುಷ್ಟರು ಸಿಡಿಲುಗೈಯನ್ನು ಮೋಸದಿಂದ ಒಂದು ಹಾಳು ಗಣಿಯೊಳಕ್ಕೆ ತಳ್ಳಿ ಅದರ ಬಾಯಿ ಮುಚ್ಚುತ್ತಾರೆ. ಅಷ್ಟು ಆಳಕ್ಕೆ ಸಿಡಿಲು ಇಳಿಯುವುದಿಲ್ಲ. ಅವನ ಅಂಗೈ ತಣ್ಣಗಾಗುತ್ತದೆ. ಆಮೇಲೆ ಮುಕ್ಕಾಲು ಸಿನಿಮಾ ಅವನು ಮಾಡುವುದು ಇಷ್ಟೇ: ಕತ್ತಲಲ್ಲಿ ಬರಿಗೈಯಲ್ಲಿ ಮಣ್ಣು ತೋಡುತ್ತಾನೆ, ಹತ್ತುತ್ತಾನೆ, ಜಾರುತ್ತಾನೆ, ಮತ್ತೆ ಹತ್ತುತ್ತಾನೆ. ಕೊನೆಗೆ ಹೊರಗೆ ಬಂದಾಗ ಆಕಾಶ ಗುಡುಗಿ, ಸಿಡಿಲು ಅವನ ಅಂಗೈಗೆ ಬಡಿದು, ಶಕ್ತಿ ಮರಳಿ, ದುಷ್ಟರೆಲ್ಲ ಬೂದಿ.

ಸಿಡಿಲು ನೋಡೋಕೆ ಬಂದೋರಿಗೆ ಬಾವಿ ತೋಡೋದು ತೋರಿಸ್ತಾರೆ ಅನ್ನುವುದು ಒಂದು ಪಕ್ಷ. ಅದರ ನಾಯಕ ಸೂಳಗಿರಿಯ ಕಿಟ್ಟಪ್ಪ. ನಮ್ಮ ಪಕ್ಕದ ಕಾರ್ಖಾನೆಯಲ್ಲಿ ಫಿಟ್ಟರ್. ದಿನಾ ಊರಿನಿಂದ ಬಸ್ಸಿನಲ್ಲಿ ಬಂದು ಹೋಗುವವನು, ಬೆಳಿಗ್ಗೆ ಹೊಲಕ್ಕೆ ನೀರು ಕಟ್ಟಿಯೇ ಬರುತ್ತಿದ್ದ. ಕೈಯಲ್ಲಿ ಸಿಡಿಲಿದ್ದಾಗ ಯಾರು ಬೇಕಾದರೂ ಗೆಲ್ಲುತ್ತಾರೆ, ಅದಿಲ್ಲದಾಗ ಏನು ಮಾಡುತ್ತಾನೆ ಅನ್ನುವುದೇ ಗಂಡಸುತನ ಅನ್ನುವುದು ಇನ್ನೊಂದು ಪಕ್ಷ. ಅದರಲ್ಲಿ ನಾನೊಬ್ಬ, ಮತ್ತೆ ಆಗಾಗ ನಮ್ಮ ಸ್ಟೋರಿನ ಗುಮಾಸ್ತ. ಅವನು ಟೀ ಕೊಡಿಸುವವರ ಪಕ್ಷ. ಚಿತ್ರದ ಇಂಗ್ಲಿಷ್ ಮಾತು ನಮ್ಮಲ್ಲಿ ಯಾರಿಗೂ ನೆಟ್ಟಗೆ ತಿಳಿಯದಿದ್ದರಿಂದ ವಾದಕ್ಕೆ ಅಡ್ಡಿಯೇ ಇರಲಿಲ್ಲ. ಗಣಿಯ ಕತ್ತಲಲ್ಲಿ ಅವನು ಗೊಣಗಿದ್ದು ಧೈರ್ಯದ ಮಾತು ಎಂದು ನಾನು, ಹಸಿವಾಗಿದೆ ಅಂದ ಎಂದು ಕಿಟ್ಟಪ್ಪ. ಟೀ ಅಂಗಡಿಯ ಗೋಡೆಯ ಮೇಲೆ ಮೊದಲಿಂದಲೂ ‘ಅರಸಿಯಲ್ ಪೇಸಾದೀರ್’ ಎಂಬ ಬೋರ್ಡಿತ್ತು, ರಾಜಕೀಯ ಮಾತಾಡಬೇಡಿ ಅಂತ. ಒಂದು ದಿನ ಯಜಮಾನ ಅದರ ಕೆಳಗೆ ಸೀಮೆಸುಣ್ಣದಲ್ಲಿ ‘ಇಡಿಕ್ಕೈಯುಂ’ ಎಂದು ಸೇರಿಸಿದ, ಸಿಡಿಲುಗೈಯೂ ಬೇಡ ಅಂತ. ನಾವು ಹೊರಗೆ ಬೇವಿನ ಮರದ ಕೆಳಗೆ ನಿಂತು ಮುಂದುವರಿಸಿದೆವು.

ಈ ಎರಡನೆಯ ಭಾಗಗಳ ಹಣೆಬರಹವೇ ಹೀಗೆ. ಹರಿಕಥೆ ದಾಸರನ್ನು ನೋಡಿ: ಯುದ್ಧ ಮುಗಿದು ಪಟ್ಟಾಭಿಷೇಕವಾಯಿತೋ, ತಾಳ ಜೋರಾಗಿ ಬಡಿದು ಮಂಗಳ ಹಾಡಿಬಿಡುತ್ತಾರೆ. ಆಮೇಲೆ ಏನಾಯಿತು ಅನ್ನುವುದು ಅವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಗೆದ್ದವನು ಗೆದ್ದ ಮೇಲೆ ಹೇಗೆ ಬಾಳಿದ ಅನ್ನುವ ಕಥೆ ಕಷ್ಟದ ಕಥೆ. ಪ್ರಸಾದ ತಿನ್ನುವ ಹೊತ್ತಿಗೆ ಯಾರಿಗೂ ಬೇಡ. ಮದುವೆಗೆ ಊರೆಲ್ಲ ಬರುತ್ತದೆ, ಸಂಸಾರಕ್ಕೆ ಇಬ್ಬರೇ ಉಳಿಯುತ್ತಾರಲ್ಲ, ಹಾಗೆ.

ಮದುವೆ ಅಂದೆನಲ್ಲ, ಅಲ್ಲಿಗೇ ಬರುತ್ತೇನೆ. ನಮ್ಮ ಚಿಕ್ಕಮ್ಮ ನನಗೊಂದು ಹೆಣ್ಣು ನೋಡಿದ್ದರು. ಸೂಳಗಿರಿಯ ಕಡೆ ಹಳೆಯ ಒಕ್ಕಲು ಮನೆತನ, ಹುಡುಗಿಯ ಹೆಸರು ಸರೋಜ, ತಮಿಳಿನಲ್ಲಿ ಎಸ್ಸೆಸ್ಸೆಲ್ಸಿ ಮಾಡಿದ್ದಾಳೆ, ಅಣ್ಣ ಹೊಸೂರಿನಲ್ಲಿ ಫ್ಯಾಕ್ಟರಿ ಕೆಲಸ. ಆ ಭಾಗದಲ್ಲಿ ಪ್ರತಿ ಮನೆಯಲ್ಲೂ ಒಬ್ಬ ಅಣ್ಣ ಹೊಸೂರಿನ ಫ್ಯಾಕ್ಟರಿಯಲ್ಲಿದ್ದುದರಿಂದ ನಾನು ಹೆಚ್ಚು ಯೋಚಿಸಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಚಾಪೆಯ ಮೇಲೆ ಕೂತೆ. ಒಳಗಿನಿಂದ ಬೋಂಡದ ತಟ್ಟೆ ಹಿಡಿದು ಬಂದವನು ಕಿಟ್ಟಪ್ಪ.

ನೀನಾ ಎಂದೆವು ಇಬ್ಬರೂ. ಇಬ್ಬರೂ ಗೊತ್ತಿರೋರಾ ಅಂತ ಅವರ ತಾತ ಸಂತೋಷಪಟ್ಟರು. ಕಿಟ್ಟಪ್ಪ ತಟ್ಟೆ ಇಳಿಸಿ, ಗೊತ್ತಿಲ್ಲದೆ ಏನು, ಸಿಡಿಲುಗೈ ಮಣ್ಣು ತೋಡಿದ್ದೇ ಚೆಂದ ಅನ್ನೋ ಮಹಾಶಯ ಇವನೇ ಎಂದ. ನಾನು ನಕ್ಕು ಸುಮ್ಮನಿರಬೇಕಿತ್ತು. ಚಿಕ್ಕಮ್ಮ ಪಕ್ಕದಿಂದ ತಿವಿದರು ಕೂಡ. ಆದರೆ ಈ ಒಂದು ವಿಷಯದಲ್ಲಿ ನನ್ನ ಬಾಯಿ ನನ್ನದಲ್ಲ. ಬೋಂಡ ಆರುವಷ್ಟು ಹೊತ್ತಿನಲ್ಲಿ ನಾವು ಬೇವಿನ ಮರದ ಕೆಳಗೆ ಮಾಡುತ್ತಿದ್ದುದನ್ನೆಲ್ಲ ಹೆಣ್ಣಿನ ಮನೆಯ ನಡುಮನೆಯಲ್ಲಿ ಮಾಡಿದೆವು. ಹಿರಿಯರು ನಮ್ಮ ಮುಖ ಮುಖ ನೋಡುತ್ತಿದ್ದರು.

“ಯಾವೂರ್ನೋನಪ್ಪ ಆ ಸಿಡಿಲುಗೈ? ನಮ್ಮೋರಾ?” ಎಂದರು ತಾತ. ಕರೆಂಟ್ ಕಂಬದ ಮೇಲೆ ಸಿಡಿಲು ಹೊಡೀತು ಎಂದು ಯಾರೋ ಹೇಳಿದರು. ತಾತ ಲೊಚಗುಟ್ಟಿ, ಅವನಿಗೆ ಹೆಂಡ್ರು ಮಕ್ಕಳಿದ್ದಾರಾ ಎಂದು ವಿಚಾರಿಸಿದರು.

ಆಗ ಬಾಗಿಲ ಬಳಿ ನಿಂತಿದ್ದ ಸರೋಜ ಮಾತಾಡಿದಳು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೆಣ್ಣು ಮಾತಾಡುವ ಭಾಗವೇ ಇಲ್ಲದ್ದರಿಂದ ಎಲ್ಲರೂ ತಿರುಗಿ ನೋಡಿದರು. “ಮೊದಲನೇದು ನಾನು ನೋಡಿವ್ನಿ. ಎರಡನೇದಕ್ಕೆ ಅಣ್ಣ ಕರ್ಕೊಂಡೋಗ್ಲಿಲ್ಲ, ದಂಡ ಅಂದ. ಅದನ್ನ ನೋಡ್ದೆ ನಾನು ಏನೂ ಹೇಳಾಕಾಗಲ್ಲ.”

ಸಿನಿಮಾದ ಬಗ್ಗೆ ನಿನ್ನನ್ನು ಯಾರಮ್ಮ ಕೇಳಿದ್ದು, ಹುಡುಗನ ಬಗ್ಗೆ ಹೇಳು ಎಂದರು ಚಿಕ್ಕಮ್ಮ.

“ಹುಡುಗನ ಬಗ್ಗೇನೇ ಹೇಳ್ತಿರೋದು. ಇಷ್ಟು ಗಟ್ಟಿಯಾಗಿ ಮಾತಾಡ್ತಾರಲ್ಲ, ಸುಮ್ನೆ ಮಾತಾಡ್ತಾರೋ, ಅದ್ರಲ್ಲಿ ಏನಾದ್ರೂ ಐತೋ ನೋಡ್ಬೇಕು.”

ಅವಳ ತಾಯಿ ಗದರಿಸಿದರು. ಕಿಟ್ಟಪ್ಪ ಕೈಮುಗಿದ. ಒಳಗೆ ಕರೆದುಕೊಂಡು ಹೋಗಿ ಅತ್ತಿಗೆಯೊಬ್ಬರು ಬುದ್ಧಿ ಹೇಳಿದರು. ನನಗೆ ಗೋಡೆಯಾಚೆಯಿಂದ ಕೇಳಿಸುತ್ತಲೇ ಇತ್ತು. ಅವಳು ದನಿಯೇರಿಸಲಿಲ್ಲ, ಅಳಲಿಲ್ಲ, ನೋಡಿದ ಮೇಲೆ ಹೇಳ್ತೀನಿ ಅನ್ನುವುದರಿಂದ ಒಂದು ಹೆಜ್ಜೆ ಆಚೀಚೆ ಸರಿಯಲೂ ಇಲ್ಲ. ಗಣಿಯೊಳಗಿನ ಮನುಷ್ಯನಿಗಾಗಿ ತಿಂಗಳುಗಟ್ಟಲೆ ವಾದ ಮಾಡಿದ್ದ ನಾನು ಹಟ ಅನ್ನುವುದನ್ನು ಅವತ್ತೇ ಮೊದಲು ಹತ್ತಿರದಿಂದ ಕಂಡದ್ದು. ಕೊನೆಗೆ ತಾತ, ಕೂಸು ಕೇಳ್ತಾವ್ಳೆ, ತೋರಿಸ್ರಿ, ಏನು ಕಳ್ಕೋತೀರ ಎಂದು ತೀರ್ಪು ಕೊಟ್ಟರು.

ಚಿತ್ರ ಅಷ್ಟರಲ್ಲಿ ಹೊಸೂರು ಬಿಟ್ಟು ಹೋಗಿತ್ತು. ಕಿಟ್ಟಪ್ಪನೇ ಡ್ರೈವರ್ ಕಂಡಕ್ಟರುಗಳನ್ನೆಲ್ಲ ಕೇಳಿ ಅದು ಕೃಷ್ಣಗಿರಿಯಲ್ಲಿ ನಡೆಯುತ್ತಿರುವುದನ್ನು ಪತ್ತೆ ಮಾಡಿದ. ತಂಗಿಗೆ ಆ ಚಿತ್ರ ಹಿಡಿಸುವುದಿಲ್ಲ ಎಂಬ ನಂಬಿಕೆ ಅವನಿಗೆ ಎಷ್ಟಿತ್ತೋ, ಹಿಡಿಸಿಬಿಟ್ಟರೆ ಎಂಬ ಭಯವೂ ಅಷ್ಟೇ ಇತ್ತು. ಭಾನುವಾರ ಮ್ಯಾಟ್ನಿ ಆಟಕ್ಕೆ ಎರಡು ಮನೆಯವರೂ ಒಂದೇ ಬಸ್ಸಿನಲ್ಲಿ ಹೊರಟೆವು. ಕರೆಂಟ್ ಹೊಡೆದವನು ಹೇಗಿದ್ದಾನೋ ನೋಡಿಕೊಂಡು ಬರೋಣ ಎಂದು ತಾತನೂ ಶಾಲು ಹೊದ್ದು ಬಂದರು. ದಾರಿಯುದ್ದಕ್ಕೂ ಕಿಟ್ಟಪ್ಪನೂ ನಾನೂ ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ. ಸಾಕ್ಷಿಯ ಮುಂದೆ ವಕೀಲರು ಬಾಯಿ ಬಿಡಬಾರದಲ್ಲ.

ಅಂದು ನಾನು ಚಿತ್ರ ನೋಡಲಿಲ್ಲ. ಎರಡು ಸಾಲು ಮುಂದೆ ಅವಳ ತಲೆ ಕಾಣುತ್ತಿತ್ತು, ಅದನ್ನೇ ನೋಡಿದೆ. ಗಣಿಯ ದೃಶ್ಯ ಶುರುವಾಗುತ್ತಲೇ ಮುಂದಿನ ಬೆಂಚುಗಳಿಂದ ಶಿಳ್ಳೆ, ಸಿಡಿಲೆಲ್ಲಿ ಎಂಬ ಕೂಗು. ನಾಲ್ಕಾರು ಜನ ಬೀಡಿ ಸೇದಲು ಎದ್ದು ಹೋದರು. ಅವಳು ಮಾತ್ರ ಅಲುಗಲಿಲ್ಲ. ಅವನು ಜಾರಿ ಬಿದ್ದಾಗಲೊಮ್ಮೆ ಸೆರಗಿನ ಅಂಚನ್ನು ಹಿಡಿದುಕೊಂಡಳು, ಅಷ್ಟೇ. ಚಿತ್ರ ಬಿಟ್ಟ ಮೇಲೆ ಎಲ್ಲರೂ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಹೋಗಿ ಕೂತೆವು. ಕಾಫಿ ಬಂತು. ಯಾರೂ ಕುಡಿಯಲಿಲ್ಲ.

ಯಾವುದಮ್ಮ ಚೆನ್ನಾಗಿರೋದು ಎಂದು ಕಿಟ್ಟಪ್ಪ ಕೇಳಿದ.

“ಗಣಿಯಿಂದ ಆಚೆ ಬರೋಗಂಟ ಎರಡನೇದೇ ಚೆನ್ನಾಗೈತೆ,” ಎಂದಳು. ನಾನು ಲೋಟ ಎತ್ತಿಕೊಂಡೆ. “ಆಮೇಲೆ ಕೆಡಿಸ್ಬುಟ್ಟವ್ರೆ. ಅಷ್ಟು ಕಷ್ಟಪಟ್ಟು ಬರಿಗೈಲಿ ಹತ್ತಿ ಬಂದೋನಿಗೆ ಮತ್ತೆ ಸಿಡಿಲು ಯಾಕೆ ಬೀಳ್ಬೇಕಾಗಿತ್ತು? ಪಿಕ್ಚರ್ ತೆಗ್ದೋರಿಗೇ ಅವನ ಮೇಲೆ ನಂಬ್ಕೆ ಇಲ್ಲ.”

ನಾನು ಲೋಟ ಇಳಿಸಿದೆ. ಇಷ್ಟು ದಿನ ಆ ಚಿತ್ರದ ಪರವಾಗಿ ಗಂಟಲು ಹರಿದುಕೊಂಡವನಿಗೆ ಆ ಮಾತು ಒಮ್ಮೆಯೂ ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ, ಕೊನೆಯಲ್ಲಿ ಸಿಡಿಲು ಬಿದ್ದಾಗ ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ಕಿಟ್ಟಪ್ಪನ ಮುಖ ನೋಡಿದೆ. ಅವನು ಗೆದ್ದೆನೋ ಸೋತೆನೋ ತಿಳಿಯದೆ ಕೂತಿದ್ದ. ಅಷ್ಟರಲ್ಲಿ ಅವಳು ನನ್ನ ಕಡೆ ತಿರುಗಿದಳು.

“ಕೈಲಿ ಏನೂ ಇಲ್ದಾಗ ಏನು ಮಾಡ್ತಾನೆ ಅನ್ನೋದೇ ಮುಖ್ಯ ಅಂದ್ರಲ್ಲ. ನಾಳೆ ನಿಮ್ಮ ಕೆಲಸ ಹೋದ್ರೆ ನೀವೇನು ಮಾಡ್ತೀರ?”

ಹುಡುಗ ಇನ್ನೇನು ಪರ್ಮನೆಂಟ್ ಆಗಿಬಿಡುತ್ತಾನೆ ಎಂದು ಚಿಕ್ಕಮ್ಮ ಅವರ ಮನೆಯಲ್ಲಿ ಹೇಳಿದ್ದು ನನಗೆ ಗೊತ್ತಿತ್ತು. ಈಗಲೂ ಅವರು ಅದನ್ನೇ ಹೇಳಲು ಬಾಯಿ ತೆರೆದರು. ಸಿನಿಮಾ ವಾದವಾಗಿದ್ದರೆ ನನಗೆ ನೂರು ಉತ್ತರ ಸಿಗುತ್ತಿದ್ದವು. ಇದಕ್ಕೆ ಒಂದೇ ಇತ್ತು. ಅದನ್ನು ಹೇಳಿದರೆ ಹೆಣ್ಣು ಕೈತಪ್ಪಬಹುದು ಎಂದೂ ತಿಳಿದಿತ್ತು. ಆದರೂ ಅವಳ ಎದುರು ಬೇರೆ ಮಾತಾಡಲು ಮನಸ್ಸಾಗಲಿಲ್ಲ.

“ನಂದಿನ್ನೂ ಪರ್ಮನೆಂಟ್ ಆಗಿಲ್ಲ. ಆಗದೇನೂ ಇರಬಹುದು,” ಎಂದೆ. “ಹೋದ್ರೆ ಇನ್ನೊಂದು ಕಡೆ ಹುಡುಕ್ತೀನಿ. ಎಲ್ಲೂ ಇಲ್ದಿದ್ರೆ ಮಣ್ಣು ಕೆಲಸ ಮಾಡ್ತೀನಿ. ಕಾಯ್ಕೊಂಡು ಕೂತ್ಕೊಳ್ಳಲ್ಲ.”

ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಅವಳ ತಾಯಿ ಕಿಟ್ಟಪ್ಪನನ್ನು ನೋಡಿದರು. ಸರೋಜ ತನ್ನ ಕಾಫಿ ಎತ್ತಿಕೊಂಡು ನಿಧಾನವಾಗಿ ಕುಡಿದು ಮುಗಿಸಿದಳು. ಆಮೇಲೆ “ಸರಿ” ಎಂದಳು. ಸರಿ ಅಂದರೆ ಏನು ಸರಿ ಎಂದು ತಾತ ಕೇಳಿದರು. ಕಿಟ್ಟಪ್ಪನೇ ಅವರ ಕಿವಿಯ ಹತ್ತಿರ ಬಾಗಿ, ಒಪ್ಕೊಂಡ್ಳು ತಾತ ಎಂದ. ಹೇಳುವಾಗ ಅವನ ದನಿ ಸ್ವಲ್ಪ ಒಡೆಯಿತು. ತಂಗಿ ಹೊರಟಳಲ್ಲ ಎಂಬ ಸಂಕಟಕ್ಕೋ, ಎರಡನೆಯ ಭಾಗದವನ ಪಾಲಾದಳಲ್ಲ ಎಂಬುದಕ್ಕೋ ನನಗೆ ತಿಳಿಯಲಿಲ್ಲ.

ಮದುವೆಯಾದ ಮಾರನೆಯ ವರ್ಷ ನನ್ನ ಕೆಲಸ ಹೋಯಿತು. ಇದರಲ್ಲಿ ಸೋಜಿಗವೇನಿಲ್ಲ, ಆಗ ಎಷ್ಟೋ ಜನರದ್ದು ಹೋಯಿತು. ನಾನು ಬೆಳಿಗ್ಗೆ ಎದ್ದು ಕಾರ್ಖಾನೆಗಳ ಗೇಟು ಸುತ್ತುವುದು, ಮಧ್ಯಾಹ್ನದ ಮೇಲೆ ಸೂಳಗಿರಿಗೆ ಹೋಗಿ ಕಿಟ್ಟಪ್ಪನ ಟೊಮೇಟೊ ತೋಟದಲ್ಲಿ ಮಣ್ಣು ಏರಿಸುವುದು, ಹೀಗೆ ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಿತು. ಸರೋಜ ನನ್ನ ಪಕ್ಕದ ಸಾಲಿನಲ್ಲಿರುತ್ತಿದ್ದಳು. ಒಳ್ಳೆಯದಾಗುತ್ತದೆ ಎಂದು ಒಂದು ದಿನವೂ ಸಮಾಧಾನ ಹೇಳಲಿಲ್ಲ. ನಾಳೆ ಯಾವ ಗೇಟಿಗೆ ಹೋಗ್ತೀರ ಎಂದು ಮಾತ್ರ ಕೇಳುತ್ತಿದ್ದಳು. ಕೇಳಿದ ಮೇಲೆ ಹೋಗದಿರುವುದು ಹೇಗೆ? ಹೋದೆ. ಮತ್ತೆ ಹೋದೆ. ಕೊನೆಗೊಂದು ಸಣ್ಣ ವರ್ಕ್‌ಶಾಪಿನಲ್ಲಿ ಜಾಗ ಸಿಕ್ಕಿತು. ಈಗಲೂ ಅಲ್ಲೇ ಇದ್ದೇನೆ. ಕಿಟ್ಟಪ್ಪ ಭಾನುವಾರ ಭಾನುವಾರ ಸೊಪ್ಪು, ತರಕಾರಿ ತಂದು, ನಮ್ಮ ಮನೆಯಲ್ಲೇ ಉಂಡು, ಮೊದಲನೆಯ ಭಾಗವೇ ಮೇಲು ಎಂದು ಹೇಳಿ ಹೋಗುವುದು ವಾಡಿಕೆಯಾಯಿತು.

ಆಮೇಲೆ ಮೂರನೆಯ ಭಾಗ ಬಂತು. ಮೂವರೂ ಒಟ್ಟಿಗೆ ಹೋದೆವು. ಅದರಲ್ಲಿ ಸಿಡಿಲುಗೈಗೆ ಒಂದು ಮಾತಾಡುವ ನಾಯಿ ಇತ್ತು. ಹೊರಗೆ ಬಂದು ಕಿಟ್ಟಪ್ಪ ದರಿದ್ರ ಅಂದ, ನಾನೂ ದರಿದ್ರ ಅಂದೆ. ಮನೆಗೆ ಬಂದು ಜಗಲಿಯಲ್ಲಿ ಕೂತರೆ ಆಡಲು ಮಾತೇ ಇಲ್ಲ. ಇಷ್ಟು ವರ್ಷದಲ್ಲಿ ನಾವಿಬ್ಬರೂ ಒಪ್ಪಿದ್ದು ಅದೇ ಮೊದಲು. ಒಪ್ಪಿಗೆ ಇಷ್ಟು ಬೇಜಾರಿನ ಸಂಗತಿ ಎಂದು ನಮಗೆ ಗೊತ್ತಿರಲಿಲ್ಲ. ಅವನು ರಸ್ತೆ ನೋಡಿದ, ನಾನು ಚಪ್ಪಲಿ ನೋಡಿದೆ. ಊಟಕ್ಕೆ ನಿಲ್ಲದೆ ಹೊರಡುತ್ತೇನೆ ಎಂದು ಅವನು ಎದ್ದೂ ನಿಂತ.

ಆಗ ಅಡಿಗೆಮನೆಯಿಂದ ಸರೋಜ, ಮೊರದಲ್ಲಿ ಅಕ್ಕಿ ಕೇರುತ್ತ, ಮೂರರಲ್ಲಿ ಮೂರನೆಯದೇ ಚೆನ್ನಾಗಿರುವುದು ಎಂದಳು. ನಾವಿಬ್ಬರೂ ಒಟ್ಟಿಗೇ ‘ಏನು?’ ಎಂದೆವು. ಅವಳು ಇನ್ನೊಮ್ಮೆ, ಅದೇ ದನಿಯಲ್ಲಿ, ಅಷ್ಟನ್ನೇ ಹೇಳಿದಳು. ಕಿಟ್ಟಪ್ಪ ಕೂತ. ನಾನು ಅವನ ಪಕ್ಕ ಸರಿದೆ. ಅವಳು ಮೂರು ಜನಕ್ಕೆ ಎಸರಿಟ್ಟಳು.

ಅದು ಅವಳ ನಿಜವಾದ ಅಭಿಪ್ರಾಯವೋ, ಅಣ್ಣ ಊಟ ಬಿಟ್ಟು ಹೋಗಬಾರದೆಂದು ಆಡಿದ ಮಾತೋ ನಾನು ಇವತ್ತಿನವರೆಗೂ ಕೇಳಿಲ್ಲ. ಕೇಳಿದರೆ ಹೇಳಿಬಿಡುತ್ತಾಳೆ.